ಅಪ್ಪನಿಗೆ ಏನು ಕೊಡೋಣ?

ಸಂತ ಜೋಸೆಫರ ಮಹೋತ್ಸವದ ಪ್ರಬೋಧನೆ, ಮಾರ್ಚ್ 19



ಕಳೆದ ತಿಂಗಳು ಒಂದು ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ದೇವಾಲಯದ ಪಕ್ಕದ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದರು. ಏನೋ ಕಷ್ಟ ಹೇಳಿಕೊಳ್ಳಲು ಬಂದಿರಬೇಕು ಎಂದುಕೊಂಡೆ. ಅವರು ಕೇಳಿದ್ದೇ ಬೇರೆ.

“ಸ್ವಾಮಿ, ಸಂತ ಜೋಸೆಫರ ಹಬ್ಬದ ದಿನ ನಮ್ಮ ಯಜಮಾನ್ರ ಹೆಸರು ಹಬ್ಬ. ಈ ಸಲ ಐವತ್ತು ವರ್ಷನೂ ತುಂಬುತ್ತೆ. ಮಕ್ಕಳಿಬ್ರೂ ಸೇರಿ ಮೂರು ಸಾವಿರ ರೂಪಾಯಿ ಕೂಡಿಟ್ಟವ್ರೆ. ಅವರಿಗೆ ಏನ್ ತಕ್ಕೊಡೋದು ಅಂತ ತೋಚ್ತಾ ಇಲ್ಲ. ನೀವೇ ಒಂದು ಹೇಳಿ.”

ವಾಚು ಕೊಡಿಸಬಹುದಲ್ಲ ಎಂದೆ.

“ಕಟ್ಟಲ್ಲ ಸ್ವಾಮಿ, ಕೆಲಸಕ್ಕೆ ಅಡ್ಡ ಬರುತ್ತೆ ಅಂತಾರೆ. ಶರ್ಟು ಕೊಟ್ರೆ ಹಬ್ಬಕ್ಕಿರಲಿ ಅಂತ ಪೆಟ್ಟಿಗೆಗೆ ಹಾಕ್ತಾರೆ. ಕ್ರಿಸ್ಮಸ್ ಶರ್ಟಿನ ಮಡಿಕೆ ಇನ್ನೂ ಬಿಚ್ಚಿಲ್ಲ. ಅವರನ್ನೇ ಕೇಳಿದ್ರೆ ಒಂದೇ ಮಾತು: ‘ನಂಗೇನ್ ಬೇಕು? ಏನೂ ಬೇಡ. ಆ ದುಡ್ಡನ್ನ ಮಗಳ ಫೀಸಿಗೆ ಇಟ್ಕೋ.’”

ಇಬ್ಬರೂ ನಕ್ಕೆವು. ಆದರೆ ಆ ತಾಯಿ ಹೋದ ಮೇಲೂ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು: ‘ನಂಗೇನೂ ಬೇಡ.’ ನಮ್ಮ ತಾಳವಾಡಿ ಬೆಟ್ಟದಲ್ಲಿ ಈ ಮಾತನ್ನು ಹೇಳದ ಅಪ್ಪ ಇದ್ದಾನೆಯೇ? ಕೋಸಿಗೆ ಒಳ್ಳೆ ಬೆಲೆ ಸಿಕ್ಕಿದ ವರ್ಷವೂ ಅದೇ ಮಾತು, ಟೊಮೆಟೊವನ್ನು ಕೀಳದೆ ಹೊಲದಲ್ಲೇ ಬಿಟ್ಟ ವರ್ಷವೂ ಅದೇ ಮಾತು. ಹೆಂಡತಿಗೆ ಸೀರೆ ಬಂತು, ಮಕ್ಕಳಿಗೆ ಬಟ್ಟೆ ಬಂತು, ‘ನಿಂಗೇನು?’ ಎಂದರೆ ‘ನಂಗೇನೂ ಬೇಡ.’ ಕೇಳಿ ಕೇಳಿ ನಾವೂ ಅದನ್ನು ನಂಬಿಬಿಟ್ಟಿದ್ದೇವೆ.

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. “ಅಮ್ಮಾ, ಈ ವಾರ ಅಂಗಡಿಗೆ ಹೋಗಬೇಡಿ. ಒಂದು ವಾರ ಸುಮ್ಮನೆ ಅವರನ್ನು ಗಮನಿಸಿ ನೋಡಿ. ಏನು ಮಾಡುತ್ತಾರೆ, ಯಾವುದನ್ನು ಮಾಡದೆ ಬಿಡುತ್ತಾರೆ, ಅಷ್ಟನ್ನು ನೋಡಿ. ಮುಂದಿನ ಭಾನುವಾರ ಬಂದು ಹೇಳಿ” ಎಂದು ಕಳಿಸಿಕೊಟ್ಟೆ. ಆ ವಾರ ನಾನು ಸಂತ ಜೋಸೆಫರ ಕುರಿತು ಶುಭಸಂದೇಶಗಳಲ್ಲಿ ಇರುವುದನ್ನೆಲ್ಲ ಮತ್ತೆ ಓದಿದೆ. ಓದುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಪ್ರಶ್ನೆ: ಈ ತಂದೆಗೆ ಯಾರಾದರೂ ಏನಾದರೂ ಕೊಟ್ಟರೇ?

ಜೋಸೆಫರಿಗೆ ಸಿಕ್ಕಿದ್ದೇನು?

ಮೊದಲ ನೋಟಕ್ಕೆ ಏನೂ ಇಲ್ಲ. ನಾಲ್ಕು ಶುಭಸಂದೇಶಗಳಲ್ಲಿ ಜೋಸೆಫರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ‘ನಂಗೇನೂ ಬೇಡ’ ಎಂಬಷ್ಟನ್ನೂ ಅವರು ಹೇಳಿಲ್ಲ. ಮೂಡಣ ದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ತಂದರು. ಅವರು ಮನೆಯೊಳಗೆ ಕಂಡದ್ದು ಮಗುವನ್ನೂ ತಾಯಿ ಮರಿಯಮ್ಮನನ್ನೂ ಎಂದು ಮತ್ತಾಯ ಬರೆಯುತ್ತಾನೆ. ಜೋಸೆಫರ ಹೆಸರೇ ಅಲ್ಲಿಲ್ಲ. ದನ ಕಟ್ಟಲು ಹೋಗಿದ್ದರೋ, ಕೆಲಸಕ್ಕೆ ಹೋಗಿದ್ದರೋ, ಬಾಗಿಲ ಹಿಂದೆ ನಿಂತಿದ್ದರೋ! ನಮ್ಮ ಮನೆಯ ಫೋಟೋಗಳಲ್ಲೂ ಹೀಗೆಯೇ ಅಲ್ಲವೇ? ಹಬ್ಬದ ಫೋಟೋದಲ್ಲಿ ಎಲ್ಲರೂ ಇರುತ್ತಾರೆ. ಫೋಟೋ ತೆಗೆಯಲು ನಿಂತ ಅಪ್ಪ ಮಾತ್ರ ಇರುವುದಿಲ್ಲ.

ಬಾಲಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ಸಮರ್ಪಿಸಲು ಹೋದಾಗ ಅವರು ಕೊಟ್ಟ ಕಾಣಿಕೆ ಹಕ್ಕಿಗಳ ಒಂದು ಜೋಡಿ. ಕುರಿಮರಿ ತರಲು ಶಕ್ತಿ ಇಲ್ಲದ ಬಡವರಿಗಾಗಿ ಯಾಜಕಕಾಂಡದ 12ನೆಯ ಅಧ್ಯಾಯ ಇಟ್ಟಿದ್ದ ಕಾಣಿಕೆ ಅದು. ಕುರಿಮರಿಯನ್ನು ಕೊಳ್ಳಲಾಗದ ಒಬ್ಬ ಗಂಡ, ಹೆಂಡತಿಯ ಮುಂದೆ ಆ ಎರಡು ಹಕ್ಕಿಗಳನ್ನು ಹಿಡಿದು ನಿಂತದ್ದನ್ನು ನೆನೆಯಿರಿ. ಫೀಸು ಕಟ್ಟುವ ಸಾಲಿನಲ್ಲಿ ನಿಂತ ನಮ್ಮ ಅಪ್ಪಂದಿರಿಗೆ ಆ ನಿಲುವು ಗೊತ್ತು.

ಆದರೆ ಎರಡನೆಯ ಸಲ ನಿಧಾನವಾಗಿ ಓದಿದಾಗ ಜೋಸೆಫರಿಗೂ ಮೂರು ಉಡುಗೊರೆ ಸಿಕ್ಕಿದ್ದು ಕಂಡಿತು. ಒಂದು ದೇವರಿಂದ, ಒಂದು ಹೆಂಡತಿಯಿಂದ, ಒಂದು ಮಗನಿಂದ.

ದೇವರು ಕೊಟ್ಟದ್ದು

ಮರಿಯಮ್ಮನ ವಿಷಯ ತಿಳಿದ ಜೋಸೆಫರು ಏನು ಮಾಡುವುದೆಂದು ತೋಚದೆ ಒಳಗೊಳಗೇ ನೊಂದಿದ್ದರು. ಯಾರ ಬಳಿಯೂ ಹೇಳಿಕೊಳ್ಳಲಿಲ್ಲ. ಹೆಂಡತಿಯ ಮಾನ ಹೋಗಬಾರದೆಂದು ಗುಟ್ಟಾಗಿ ಬಿಡಲು ಯೋಚಿಸಿದ್ದರು. ಹಗಲಿನಲ್ಲಿ ಬಾಯಿಬಿಡದ ಆ ಮನುಷ್ಯನ ಬಳಿಗೆ ದೇವರು ರಾತ್ರಿ ಕನಸಿನಲ್ಲಿ ಬಂದರು. ದೇವದೂತ ಮೊದಲು ಹೇಳಿದ್ದು ಹೆದರಬೇಡ ಎಂಬ ಮಾತನ್ನು. ನೋಡಿ ಪ್ರಿಯರೇ, ಜೋಸೆಫರು ತಮಗೆ ಭಯವಾಗಿದೆ ಎಂದು ಹೇಳಿರಲೇ ಇಲ್ಲ. ಹೇಳದೆ ಇದ್ದ ಭಯ ದೇವರಿಗೆ ಗೊತ್ತಿತ್ತು. ಆಮೇಲೆ ಮಗುವಿಗೆ ಹೆಸರಿಡುವ ಕೆಲಸವನ್ನು ಅವರ ಕೈಗೆ ಕೊಟ್ಟರು. ಹೆಸರಿಡುವುದೆಂದರೆ ಈ ಮಗು ನನ್ನದು ಎಂದು ಜನರ ಮುಂದೆ ಒಪ್ಪಿಕೊಳ್ಳುವುದು. ಪಕ್ಕಕ್ಕೆ ಸರಿದು ಹೋಗಲಿದ್ದವರನ್ನು ದೇವರು ಮನೆಯ ನಡುವೆ ತಂದು ನಿಲ್ಲಿಸಿದರು.

ಮತ್ತಾಯನ ಶುಭಸಂದೇಶದಲ್ಲಿ ಜೋಸೆಫರಿಗೆ ನಾಲ್ಕು ಸಲ ಕನಸು ಬೀಳುತ್ತದೆ. ಪ್ರತಿ ಸಲವೂ ಆ ಹೊತ್ತಿಗೆ ಅವರ ಮನಸ್ಸನ್ನು ಕೊರೆಯುತ್ತಿದ್ದ ವಿಷಯವೇ ಬರುತ್ತದೆ. ವಿಶ್ವಗುರು ಫ್ರಾನ್ಸಿಸ್ ಅವರು 2015ರ ಜನವರಿಯಲ್ಲಿ ಮನಿಲಾ ನಗರದಲ್ಲಿ ಕುಟುಂಬಗಳೊಂದಿಗೆ ಮಾತನಾಡುವಾಗ ತಮ್ಮ ಮೇಜಿನ ಮೇಲಿರುವ ಮಲಗಿದ ಜೋಸೆಫರ ಪ್ರತಿಮೆಯ ಬಗ್ಗೆ ಹೇಳಿದರು. ಏನಾದರೂ ಕಷ್ಟ ಬಂದರೆ ಚೀಟಿಯಲ್ಲಿ ಬರೆದು ಆ ಪ್ರತಿಮೆಯ ಕೆಳಗೆ ಇಡುತ್ತಿದ್ದರಂತೆ. ಅಪ್ಪಂದಿರ ತಲೆದಿಂಬಿನ ಕೆಳಗೆ ಎಷ್ಟು ಚಿಂತೆಗಳಿರುತ್ತವೆ ಎಂಬುದನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಬಾಯಿಬಿಟ್ಟು ಹೇಳದ್ದನ್ನು ತಿಳಿದುಕೊಳ್ಳುವುದು. ಇದು ಮೊದಲನೆಯ ಉಡುಗೊರೆ.

ಮಾತೆ ಮರಿಯಮ್ಮ ಕೊಟ್ಟದ್ದು

ಇಂದು ನಾವು ಕೇಳಿದ ಶುಭಸಂದೇಶವನ್ನು ನೆನಪಿಗೆ ತಂದುಕೊಳ್ಳಿ. ಯೇಸುವಿಗೆ ಆಗ ಹನ್ನೆರಡು ವರ್ಷ. ಪಾಸ್ಕ ಹಬ್ಬ ಮುಗಿಸಿ ಎಲ್ಲರೂ ಊರಿಗೆ ಹೊರಟರು, ಹುಡುಗ ಜೆರುಸಲೇಮಿನಲ್ಲೇ ಉಳಿದ. ಮೂರು ದಿನದ ಮೇಲೆ ದೇವಾಲಯದಲ್ಲಿ ಬೋಧಕರ ನಡುವೆ ಸಿಕ್ಕಿದ. ಆಗ ತಾಯಿ ಮಗನನ್ನು ಕೇಳುತ್ತಾಳೆ. ಆ ಮಾತಿನಲ್ಲಿ ‘ನಾನು’ ಎನ್ನುವುದಕ್ಕೆ ಮೊದಲು ‘ನಿನ್ನ ತಂದೆ’ ಎನ್ನುತ್ತಾಳೆ. ನಿನ್ನ ತಂದೆಯೂ ನಾನೂ ಎಷ್ಟು ಸಂಕಟಪಟ್ಟು ಹುಡುಕಿದೆವು ಎಂಬ ಅರ್ಥದ ಮಾತು ಅದು.

ಈ ಸಾಲನ್ನು ನಾನು ಎಷ್ಟೋ ವರ್ಷ ಓದಿದ್ದೇನೆ, ಬಲಿಪೀಠದ ಬಳಿ ನಿಂತು ಸಾರಿದ್ದೇನೆ. ಈ ಸಲವೇ ನನ್ನ ಗಮನಕ್ಕೆ ಬಂದದ್ದು. ಈ ಮಗು ಯಾರ ಮಗು ಎಂದು ಮರಿಯಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಊರಿನ ಪಂಡಿತರೆಲ್ಲ ಕೇಳಿಸಿಕೊಳ್ಳುತ್ತಿರುವ ಜಾಗದಲ್ಲಿ, ಒಂದು ಮಾತೂ ಆಡದೆ ಹಿಂದೆ ನಿಂತಿದ್ದ ಗಂಡನನ್ನು ‘ತಂದೆ’ ಎಂದು ಕರೆದಳು, ತನಗಿಂತ ಮೊದಲು ಇಟ್ಟಳು. ಅವರ ಸಂಕಟವನ್ನು ಅವರ ಪರವಾಗಿ ಹೇಳಿದಳು. ಚಿನ್ನ ತಂದ ಜ್ಞಾನಿಗಳಿಗೆ ಕಾಣದವರನ್ನು ಮರಿಯಮ್ಮ ಎಲ್ಲರೂ ಕಾಣುವಂತೆ ಮಾಡಿದಳು.

ತಾಯಂದಿರೇ, ಈ ಉಡುಗೊರೆಗೆ ಒಂದು ಪೈಸೆ ಖರ್ಚಿಲ್ಲ. ‘ನಿಮ್ಮಪ್ಪನಿಗೆ ಏನು ಗೊತ್ತಾಗುತ್ತೆ’ ಎಂದು ಮಕ್ಕಳ ಮುಂದೆ ಹೇಳುವುದು ಸುಲಭ. ‘ನಿಮ್ಮಪ್ಪ ನಿನಗಾಗಿ ಎಷ್ಟು ಒದ್ದಾಡಿದರು ಗೊತ್ತಾ’ ಎಂದು ಹೇಳುವುದನ್ನು ಮರೆಯುತ್ತೇವೆ.

ಮಗ ಕೊಟ್ಟದ್ದು

ಅದೇ ಶುಭಸಂದೇಶದ ಕೊನೆಯಲ್ಲಿ ಲೂಕ ಹೇಳುತ್ತಾನೆ: ಯೇಸು ಅವರೊಂದಿಗೆ ನಜರೇತಿಗೆ ಇಳಿದು ಹೋದರು, ಅವರಿಗೆ ವಿಧೇಯರಾಗಿದ್ದರು. ಆಮೇಲಿನ ವರ್ಷಗಳ ಬಗ್ಗೆ ಶುಭಸಂದೇಶ ಹೆಚ್ಚು ಹೇಳುವುದಿಲ್ಲ. ಪ್ರಭು ಸಾರುವ ಕೆಲಸ ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ. ಆ ನಡುವಿನ ವರ್ಷಗಳಲ್ಲಿ ಏನು ನಡೆಯಿತು ಎಂಬುದಕ್ಕೆ ಊರವರ ಮಾತಿನಲ್ಲಿ ಒಂದು ಸುಳಿವು ಸಿಗುತ್ತದೆ. ಮತ್ತಾಯನಲ್ಲಿ ಜನ ಯೇಸುವನ್ನು ಬಡಗಿಯ ಮಗ ಎನ್ನುತ್ತಾರೆ. ಮಾರ್ಕನಲ್ಲಿ ಅದೇ ಜನ ಅವರನ್ನೇ ಬಡಗಿ ಎನ್ನುತ್ತಾರೆ. ಅಂದರೆ ಮಗ ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಕಲಿತರು. ಮಗನಿಗೆ ಒಂದು ಕಸಬು ಕಲಿಸುವುದು ತಂದೆಯ ಕರ್ತವ್ಯ ಎಂಬುದು ಯೆಹೂದ್ಯರ ಹಳೆಯ ಕಟ್ಟಳೆ. ಆದರೆ ಕಲಿಸಬೇಕಾದರೆ ಕಲಿಯುವವನು ಬೇಕಲ್ಲ? ಭೂಮಿ ಆಕಾಶಗಳನ್ನು ಉಂಟುಮಾಡಿದ ದೇವರ ಮಗ, ಮರವನ್ನು ಹೀಗೆ ಹಿಡಿಯಬೇಕು, ಉಳಿಯನ್ನು ಹೀಗೆ ಓಡಿಸಬೇಕು ಎಂದು ನಜರೇತಿನ ಒಬ್ಬ ಬಡಗಿಯಿಂದ ಹೇಳಿಸಿಕೊಂಡರು. ‘ಅಪ್ಪ, ನಂಗೆ ಗೊತ್ತಿಲ್ಲ, ಹೇಳಿಕೊಡು’ ಎಂಬ ಮಾತಿಗಿಂತ ದೊಡ್ಡ ಗೌರವವನ್ನು ಒಬ್ಬ ತಂದೆಗೆ ಯಾವ ಮಗ ಕೊಡಬಲ್ಲ?

ನಮ್ಮ ಧರ್ಮಸಭೆ ಜೋಸೆಫರಿಗೆ ಬಹಳ ಬಿರುದುಗಳನ್ನು ಕೊಟ್ಟಿದೆ. 1870ರಲ್ಲಿ ಒಂಬತ್ತನೆಯ ಪಿಯುಸ್ ಅವರನ್ನು ಇಡೀ ಧರ್ಮಸಭೆಯ ಪಾಲಕರೆಂದು ಸಾರಿದರು. 1955ರಲ್ಲಿ ಹನ್ನೆರಡನೆಯ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿಸಿದರು. ಅದೇ ವರ್ಷ ನಮ್ಮ ಊಟಿ ಧರ್ಮಕ್ಷೇತ್ರ ಮೈಸೂರಿನಿಂದ ಬೇರೆಯಾಗಿ ಹುಟ್ಟಿತು. 1962ರಲ್ಲಿ ಇಪ್ಪತ್ತಮೂರನೆಯ ಜಾನ್ ಅವರ ಹೆಸರನ್ನು ಪೂಜೆಯ ಮುಖ್ಯ ಪ್ರಾರ್ಥನೆಯಲ್ಲಿ ಸೇರಿಸಿದರು. 2020ರ ಡಿಸೆಂಬರ್ 8ರಂದು ಫ್ರಾನ್ಸಿಸ್ ಅವರು ‘ಪಾತ್ರಿಸ್ ಕೋರ್ದೆ’ ಎಂಬ ಪತ್ರ ಬರೆದು ಅವರನ್ನು ನೆರಳಿನಲ್ಲಿ ನಿಂತ ತಂದೆ ಎಂದು ಕರೆದರು. ಇಟಲಿ, ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ತಂದೆಯರ ದಿನವನ್ನು ಆಚರಿಸುವುದೇ ಮಾರ್ಚ್ 19ರಂದು. ಈ ಗೌರವಗಳೆಲ್ಲ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ನಜರೇತಿನ ಮನೆಯಲ್ಲಿ ಬದುಕಿದ್ದಾಗ ಅವರಿಗೆ ಸಿಕ್ಕಿದ್ದು ಈ ಮೂರೇ. ಅವರ ಭಯವನ್ನು ಅರಿತವರಿದ್ದರು, ಅವರನ್ನು ಮುಂದಿಟ್ಟು ಮಾತಾಡಿದವರಿದ್ದರು, ಅವರ ಪಕ್ಕದಲ್ಲಿ ಕುಳಿತು ಕಲಿತವರಿದ್ದರು.

ನನ್ನ ಅಪ್ಪ ಕೇಳಿದ್ದು

ಇದನ್ನು ಹೇಳುವಾಗ ನನ್ನ ತಪ್ಪನ್ನೂ ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ನನಗೆ ಗುರುದೀಕ್ಷೆಯಾಗಿ ಎರಡು ವರ್ಷವಾಗಿತ್ತು. ಊರಿಗೆ ಹೋಗುವಾಗ ಅಪ್ಪನಿಗೆಂದು ಊಟಿಯಿಂದ ಒಂದು ಒಳ್ಳೆಯ ಉಲ್ಲನ್ ಸ್ವೆಟರ್ ಕೊಂಡುಹೋಗಿದ್ದೆ. ಅಪ್ಪ ಖುಷಿಪಟ್ಟರು, ಆಗಲೇ ಹಾಕಿಕೊಂಡು ಅಕ್ಕಪಕ್ಕದವರಿಗೆ ತೋರಿಸಿದರು. ರಾಗಿ ತೆನೆ ಕಟ್ಟಿದ ಕಾಲ, ಆನೆ ಬರುತ್ತಿದ್ದವು. ರಾತ್ರಿ ಊಟವಾದ ಮೇಲೆ ಅಪ್ಪ ಟಾರ್ಚು, ಕಂಬಳಿ ತೆಗೆದುಕೊಂಡು ಹೊಲಕ್ಕೆ ಹೊರಟರು. ಬಾಗಿಲಲ್ಲಿ ನಿಂತು, “ಅಟ್ಟಣೆಗೆ ಬರ್ತೀಯೇನಪ್ಪ, ಚಿಕ್ಕವನಿದ್ದಾಗ ಬರ್ತಿದ್ದೆಯಲ್ಲ?” ಎಂದು ಕೇಳಿದರು. ಬೆಳಗ್ಗೆ ಮೊದಲನೆಯ ಬಸ್ಸಿಗೆ ಹೋಗಬೇಕು, ನಿದ್ದೆ ಕೆಟ್ಟರೆ ಆಗದು ಎಂದೆ. “ಹೌದು ಹೌದು, ನೀನು ಮಲಗು” ಎಂದು ಹೊರಟುಹೋದರು. ಆ ಸ್ವೆಟರ್ ಹಾಕಿಕೊಂಡೇ ಹೋದರು.

ನನ್ನ ಅಪ್ಪ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮುಂದಿನ ವರ್ಷ ರಾಗಿ ಕೊಯ್ಲಿಗೆ ಅವರಿರಲಿಲ್ಲ. ಸ್ವೆಟರ್ ಕೊಟ್ಟದ್ದು ತಪ್ಪಲ್ಲ, ಚಳಿಗೆ ಅದು ಬೇಕಿತ್ತು. ಆದರೆ ಸ್ವೆಟರ್ ಕೊಟ್ಟೆ ಎಂಬ ಸಮಾಧಾನದಲ್ಲಿ ಆ ರಾತ್ರಿಯನ್ನು ಕೊಡದೆ ಉಳಿಸಿಕೊಂಡೆನಲ್ಲ, ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ. ದೇವರು ಕ್ಷಮಿಸಿದ್ದಾರೆ ಎಂದು ನಂಬಿದ್ದೇನೆ. ನಿಮ್ಮಲ್ಲಿ ಯಾರ ಅಪ್ಪ ಇನ್ನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೋ ಅವರಿಗಾಗಿ ಇದನ್ನು ಹೇಳುತ್ತಿದ್ದೇನೆ.

ಒಂದು ವಾರ ನೋಡಿದ ಮೇಲೆ

ಈಗ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಮುಂದಿನ ಭಾನುವಾರ ಅವರು ಬಂದಾಗ ಮುಖದಲ್ಲಿ ನಗುವಿರಲಿಲ್ಲ.

ಸೋಮವಾರ ರಾತ್ರಿ ಅವರ ಗಂಡ ಗೋಡೆಯ ಕ್ಯಾಲೆಂಡರನ್ನು ತೆಗೆದು, ಬಲ್ಬಿನ ಕೆಳಗೆ ಕೈಯನ್ನು ಉದ್ದಕ್ಕೆ ಚಾಚಿ ಹಿಡಿದು ನೋಡಿದರಂತೆ. ಬುಧವಾರ ಕೋಸಿಗೆ ಔಷಧಿ ಹೊಡೆಯುವ ಮೊದಲು ಪಕ್ಕದ ಮನೆಯ ಹುಡುಗನನ್ನು ಕರೆದು, ಡಬ್ಬಿಯ ಮೇಲೆ ಎಷ್ಟು ಹಾಕಬೇಕೆಂದು ಬರೆದಿದೆ ಓದು ಎಂದರಂತೆ. ಬ್ಯಾಂಕಿನ ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟು, ‘ನೀನೇ ನೋಡು, ನಂಗೆ ಪುರುಸೊತ್ತಿಲ್ಲ’ ಎಂದರಂತೆ. ಮೊದಲೆಲ್ಲ ದೇವಾಲಯದಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದವರು ಈಗ ಬಾಗಿಲ ಬಳಿ ನಿಲ್ಲುತ್ತಾರೆ. ಕೀರ್ತನೆ ಪುಸ್ತಕವನ್ನು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಬಾಯಿಪಾಠದಿಂದ ಹಾಡುತ್ತಾರೆ.

“ಇಪ್ಪತ್ತಾರು ವರ್ಷದಿಂದ ಜೊತೇಲಿ ಅವ್ನಿ ಸ್ವಾಮಿ. ದಿನಾ ನೋಡ್ತಿದ್ದೆ. ಆದ್ರೂ ಇದು ಗೊತ್ತೇ ಆಗ್ಲಿಲ್ಲ” ಎಂದರು ಆ ತಾಯಿ.

ನನಗೂ ನಾಚಿಕೆಯಾಯಿತು. ಈ ಸಹೋದರ ನಮ್ಮ ಕನ್ನಡ ಪೂಜೆಯಲ್ಲಿ ಹದಿನೆಂಟು ವರ್ಷ ಮೊದಲನೆಯ ವಾಚನ ಓದಿದವರು. ಎರಡು ವರ್ಷದ ಹಿಂದೆ ಬಂದು, “ಗಂಟಲು ಸರಿಯಿಲ್ಲ ಸ್ವಾಮಿ, ಇನ್ಮೇಲೆ ಹುಡುಗರು ಓದಲಿ” ಎಂದಿದ್ದರು. ನಾನೂ ಸರಿ ಎಂದುಬಿಟ್ಟೆ. ಹುಡುಗರು ಬರಲಿಲ್ಲ. ಎಲ್ಲಿಂದ ಬಂದಾರು? ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಶಾಲೆಯಲ್ಲಿ ಓದುವುದು ತಮಿಳು, ಇಲ್ಲವೇ ಇಂಗ್ಲಿಷ್. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಂದಿನಿಂದ ಕನ್ನಡ ವಾಚನವನ್ನು ಒಬ್ಬರೇ ಸಿಸ್ಟರ್ ಓದುತ್ತಿದ್ದಾರೆ. ಅವರು ಊರಿನಲ್ಲಿಲ್ಲದ ಭಾನುವಾರ ನಾನೇ ಓದುತ್ತೇನೆ.

ಗಂಟಲಿಗೆ ಏನೂ ಆಗಿರಲಿಲ್ಲ. ಅಕ್ಷರ ಕಾಣುತ್ತಿರಲಿಲ್ಲ, ಅಷ್ಟೆ. ಹೇಳಿದರೆ ಖರ್ಚಾಗುತ್ತದೆ, ಮಗಳು ಕಾಲೇಜಿಗೆ ಸೇರಿದ ವರ್ಷ ಅದು. ಆಮೇಲೆ ಹೇಳೋಣ ಎಂದುಕೊಂಡರು. ಆಮೇಲೆ ಹೇಳಲು ಸಂಕೋಚವಾಯಿತು. ಹೀಗೆ ಒಬ್ಬ ಮನುಷ್ಯ ತನಗೆ ಬಹಳ ಪ್ರಿಯವಾಗಿದ್ದ ಸೇವೆಯೊಂದನ್ನು ಸದ್ದಿಲ್ಲದೆ ಬಿಟ್ಟುಕೊಟ್ಟು ಬಾಗಿಲ ಬಳಿ ಹೋಗಿ ನಿಂತರು. ಅದನ್ನು ಹೆಂಡತಿ ಕೇಳಲಿಲ್ಲ, ಮಕ್ಕಳು ಕೇಳಲಿಲ್ಲ, ಗುರುವಾದ ನಾನೂ ಕೇಳಲಿಲ್ಲ. ನಾವೆಲ್ಲರೂ ‘ನಂಗೇನೂ ಬೇಡ’ ಎಂಬ ಮಾತನ್ನು ನಂಬಿದ್ದೆವು.

ಹಿಂದಿನ ವಾರ ಅವರನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದರು. ದೊಡ್ಡ ಕಾಯಿಲೆ ಏನೂ ಇಲ್ಲ, ನಲವತ್ತು ದಾಟಿದವರಿಗೆ ಬರುವ ಚಾಳೀಸು. ಕನ್ನಡಕಕ್ಕೆ ಎಂಟುನೂರ ಐವತ್ತು ರೂಪಾಯಿ. ಉಳಿದ ದುಡ್ಡಿನಲ್ಲಿ ಒಂದು ಜೊತೆ ಚಪ್ಪಲಿ ಕೊಡಿಸಹೋದರೆ, ಅದು ಮಾತ್ರ ಬೇಡವೇ ಬೇಡ ಎಂದು ಹಟ ಹಿಡಿದರಂತೆ. ಆದರೂ ಕೊಡಿಸಿದ್ದಾರೆ.

ಇನ್ನೊಂದು ಉಡುಗೊರೆಯೂ ಇತ್ತು. ಅದು ಪಟ್ಟಿಯಲ್ಲಿರಲಿಲ್ಲ. ಸತ್ಯಮಂಗಲದಲ್ಲಿ ಕಾಲೇಜು ಓದುವ ಮಗಳು ಶನಿವಾರ ಘಟ್ಟ ಹತ್ತಿ ಮನೆಗೆ ಬಂದಳು. ಹೊಸ ಕನ್ನಡಕ ಹಾಕಿಕೊಂಡು ಅಪ್ಪ ಪವಿತ್ರ ಬೈಬಲ್ ಓದುವುದನ್ನು ಕಂಡಳು. ಅವಳು ಕಲಿತದ್ದು ತಮಿಳು ಮಾಧ್ಯಮದಲ್ಲಿ. ಪಕ್ಕದಲ್ಲಿ ಹೋಗಿ ಕುಳಿತು, “ಅಪ್ಪ, ನಂಗೂ ಇದನ್ನ ಓದೋಕೆ ಕಲಿಸಿಕೊಡ್ತೀಯಾ?” ಎಂದಳು. ಆ ರಾತ್ರಿ ‘ಅ’ದಿಂದ ಆರಂಭವಾಯಿತಂತೆ. ಈಗ ಒತ್ತಕ್ಷರಕ್ಕೆ ಬಂದು ನಿಂತಿದ್ದಾಳೆ, ಒತ್ತು ಎಂದರೆ ಅಳು ಬರುತ್ತದೆ ಎನ್ನುತ್ತಾಳೆ. ಅಪ್ಪ ಮಾತ್ರ ಬಿಡುತ್ತಿಲ್ಲ.

ಇಂದು ಸಮುವೇಲನ ಎರಡನೆಯ ಗ್ರಂಥದಿಂದ ಮೊದಲನೆಯ ವಾಚನವನ್ನು ಓದಿದವರು ಯಾರೆಂದು ನೀವೆಲ್ಲ ನೋಡಿದಿರಿ. ದಾವೀದನ ವಂಶದವನಿಗೆ ತಾನೇ ತಂದೆಯಾಗಿರುವೆನೆಂದು ದೇವರು ಮಾತು ಕೊಡುವ ಭಾಗ ಅದು. ಒಂದು ಕಡೆ ಸಾಲು ತಪ್ಪಿತು, ಮತ್ತೆ ಹಿಂದೆ ಹೋಗಿ ಓದಿದರು. ನಿಮ್ಮ ಕಥೆಯನ್ನು ಹೇಳಲೇ ಎಂದು ಅವರನ್ನು ಮೊದಲೇ ಕೇಳಿದ್ದೆ. “ಹೇಳಿ ಸ್ವಾಮಿ, ನನ್ನಂಗೆ ಸುಮ್ನೆ ಇರೋರು ಇನ್ನೂ ನಾಲ್ಕು ಜನ ಇರ್ತಾರೆ” ಎಂದರು.

ನಾವು ಮಾಡಬೇಕಾದ್ದು

ಪ್ರಿಯರೇ, ಅಂಗಡಿಯ ಉಡುಗೊರೆಯನ್ನು ನಾನು ಬೇಡ ಎನ್ನುತ್ತಿಲ್ಲ. ಕನ್ನಡಕವೂ ಅಂಗಡಿಯಿಂದಲೇ ಬಂತು. ಆದರೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ನೋಡಬೇಕು. ನಿಮ್ಮ ಗಂಡ, ನಿಮ್ಮ ಅಪ್ಪ ಈಚೆಗೆ ಯಾವುದನ್ನು ಮಾಡುವುದನ್ನು ಬಿಟ್ಟಿದ್ದಾರೆ? ಹಾಡುವುದನ್ನೇ? ತಮ್ಮ ಅಕ್ಕನ ಊರಿಗೆ ಹೋಗಿಬರುವುದನ್ನೇ? ಗಟ್ಟಿಯಾದದ್ದನ್ನು ತಿನ್ನುವುದನ್ನೇ? ಏಕೆ ಬಿಟ್ಟರು? ಅಲ್ಲಿ ನಿಮಗೆ ಉತ್ತರ ಸಿಗುತ್ತದೆ. ಹಲ್ಲು ನೋವಿದ್ದವರಿಗೆ ಶರ್ಟು ಕೊಟ್ಟು ಪ್ರಯೋಜನವಿಲ್ಲ. ಸಾಲ ಮಾಡಿ ದೊಡ್ಡ ಉಡುಗೊರೆ ತರಬೇಡಿ. ಆ ಸಾಲವನ್ನು ತೀರಿಸುವವರೂ ಅವರೇ ಆಗಿರುತ್ತಾರೆ.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಕೊಯಮತ್ತೂರಿನಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳೇ, ನೀವು ಫೋನ್ ಮಾಡುವುದು ಅಮ್ಮನಿಗೆ. ಅಪ್ಪ ಪಕ್ಕದಲ್ಲಿ ಕುಳಿತು, ಫೋನ್ ಇಟ್ಟ ಮೇಲೆ ‘ಏನಂತೆ?’ ಎಂದು ಕೇಳುತ್ತಾರೆ. ಈ ವಾರ ‘ಅಪ್ಪನಿಗೆ ಕೊಡಮ್ಮ’ ಎನ್ನಿ. ಮಾತು ಮೊದಲಿಗೆ ಮಳೆ, ಬೆಳೆಯಲ್ಲೇ ನಿಂತುಹೋಗಬಹುದು. ಬೇಸರಪಡಬೇಡಿ, ಮುಂದಿನ ವಾರವೂ ಕೇಳಿ.

ಎಲ್ಲ ಅಪ್ಪಂದಿರೂ ಜೋಸೆಫರಲ್ಲ ಎಂಬುದು ನನಗೆ ಗೊತ್ತು. ಕುಡಿದು ಬರುವ ಗಂಡನ ಏಟು ತಿಂದು ಈ ಹಬ್ಬಕ್ಕೆ ಬಂದ ತಾಯಂದಿರೂ ಇಲ್ಲಿರಬಹುದು. ಅಂಥವರಿಗೆ ನಗುನಗುತ್ತಾ ಉಡುಗೊರೆ ಕೊಡಿ ಎಂದು ನಾನು ಹೇಳಲಾರೆ. ಏಟನ್ನು ಸಹಿಸಿಕೊಂಡಿರಿ ಎಂದು ಶುಭಸಂದೇಶವೂ ಹೇಳುವುದಿಲ್ಲ. ನೀವೂ ಮಕ್ಕಳೂ ಕ್ಷೇಮವಾಗಿರುವುದು ಮೊದಲು. ಮುಚ್ಚಿಡದೆ ನನ್ನ ಬಳಿ ಬನ್ನಿ, ಇಲ್ಲವೇ ಸಿಸ್ಟರ್ ಬಳಿ ಹೋಗಿ. ಅವರಿಗೆ ಕುಡಿತ ಬಿಡಿಸುವ ಚಿಕಿತ್ಸೆಯ ದಾರಿಯನ್ನು ಹುಡುಕೋಣ. ಅಂಥ ಮನುಷ್ಯನಿಗೆ ಕೊಡಬಹುದಾದ ನಿಜವಾದ ಉಡುಗೊರೆ ಅದೇ.

ಅಪ್ಪನನ್ನು ಕಳೆದುಕೊಂಡವರೇ, ಅವರ ಹೆಸರಿನಲ್ಲಿ ಪೂಜೆ ಇಡಿಸಿ. ಜೊತೆಗೆ ನಿಮ್ಮ ಬೀದಿಯಲ್ಲಿ ಮಕ್ಕಳು ದೂರವಿರುವ ಒಬ್ಬ ಹಿರಿಯರ ಮನೆಗೆ ಹೋಗಿ ಅರ್ಧ ಗಂಟೆ ಕುಳಿತು ಬನ್ನಿ.

ಕೊನೆಯದಾಗಿ, ಅಪ್ಪಂದಿರೇ, ನಿಮಗೊಂದು ಮಾತು. ಇನ್ನು ಕೆಲವು ದಿನಗಳಲ್ಲಿ ಪವಿತ್ರ ಗುರುವಾರ ಬರುತ್ತದೆ. ಪ್ರಭು ಕಾಲು ತೊಳೆಯಲು ಬಂದಾಗ ಪೇತ್ರ ಬೇಡವೇ ಬೇಡ ಎಂದ. ತೊಳೆಯಗೊಡದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದು ಪ್ರಭು ಎಚ್ಚರಿಸಿದರು. ಆಗ ಪೇತ್ರ ಕಾಲು ಚಾಚಿದ. ‘ನಂಗೇನೂ ಬೇಡ’ ಎಂಬುದು ತ್ಯಾಗದ ಮಾತು ನಿಜ. ಆದರೆ ಪ್ರತಿ ಸಲವೂ ಹಾಗೆಯೇ ಎಂದರೆ, ನಿಮ್ಮನ್ನು ಪ್ರೀತಿಸುವವರ ಕೈಯನ್ನು ಬರಿದಾಗಿ ಹಿಂದಕ್ಕೆ ಕಳಿಸಿದಂತಾಗುತ್ತದೆ. ಜೋಸೆಫರು ದೇವರು ಕೊಟ್ಟದ್ದನ್ನು ಸ್ವೀಕರಿಸಿದರು, ಹೆಂಡತಿ ಕೊಟ್ಟದ್ದನ್ನು ಸ್ವೀಕರಿಸಿದರು, ಮಗ ಕೊಟ್ಟದ್ದನ್ನು ಸ್ವೀಕರಿಸಿದರು. ನೀವೂ ಸ್ವೀಕರಿಸಿ. ಕಣ್ಣು ಕಾಣದಿದ್ದರೆ ಕಾಣುತ್ತಿಲ್ಲ ಎನ್ನಿ. ನೋವಿದ್ದರೆ ನೋವಿದೆ ಎನ್ನಿ. ಮಡಿಕೆ ಬಿಚ್ಚದ ಆ ಶರ್ಟನ್ನು ಮುಂದಿನ ಭಾನುವಾರ ಹಾಕಿಕೊಂಡು ಬನ್ನಿ.

ನಮ್ಮ ಧರ್ಮಕ್ಷೇತ್ರದಲ್ಲಿ ಈ ಸಂತರನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ತಮಿಳಿನವರಿಗೆ ಸೂಸೈ, ಮಲಯಾಳಿಗಳಿಗೆ ಔಸೇಪ್, ನಮ್ಮ ಹಿರಿಯರಿಗೆ ಜೋಜಪ್ಪ. ಯಾವ ಹೆಸರಿನಿಂದ ಕರೆದರೂ ಓಗೊಡುವವರು ಅವರೊಬ್ಬರೇ. ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ದುಡಿಯುವ ಎಲ್ಲ ತಂದೆಯರನ್ನು ಅವರ ಕೈಗೆ ಒಪ್ಪಿಸೋಣ.

ಸಂತ ಜೋಸೆಫರೇ, ನಮ್ಮ ಅಪ್ಪಂದಿರು ಹೇಳದೆ ಉಳಿಸಿಕೊಂಡ ಚಿಂತೆಗಳನ್ನು ನೀವು ಬಲ್ಲಿರಿ. ಅವುಗಳನ್ನು ಕಾಣುವ ಕಣ್ಣು ನಮಗೆ ದೊರೆ​ಯುವಂತೆ ಪ್ರಾರ್ಥಿಸಿರಿ. ಕಾಲ ಮೀರುವ ಮೊದಲೇ ಅವರ ಪಕ್ಕದಲ್ಲಿ ಕೂರುವ ಮನಸ್ಸು ನಮಗೆ ಬರಲಿ. ತೀರಿಹೋದ ತಂದೆಯರಿಗೆ ನಿತ್ಯ ವಿಶ್ರಾಂತಿ ದೊರಕಲಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.

ನಿಮ್ಮ ಧರ್ಮಕೇಂದ್ರದ ಗುರು